ಮೊದಲನೇ ಪಾಯಿಂಟು

ಕಂಚುಗೋಡಿನ ಕುಷ್ಟನಿಗೆ ಕಡಲಿನೊಳಗೆ ಕೇರಿಗಳಿದ್ದವು. ದಡದ ಮೇಲೆ ನಿಂತವರಿಗೆ ಅದು ಒಂದೇ ನೀರು, ಕಣ್ಣು ಹಾಯುವವರೆಗೆ ಒಂದೇ ಬಣ್ಣ. ಅವನಿಗೆ ಮಾತ್ರ ಇಲ್ಲಿ ಕೆಸರು, ಅದರಾಚೆ ಮರಳು, ಮರಳು ಮುಗಿದಲ್ಲಿ ಬಲೆ ಹರಿಯುವ ಕಲ್ಲು, ಕಲ್ಲಿನ ತೆಂಕು ಬದಿಗೆ ಕೆಂಬೇರಿ ಮೀನಿನ ಮನೆ. ಗಂಗೊಳ್ಳಿ ಬಂದರಿನ ಲೀಲಾಧರ ಯಜಮಾನರ ಬೋಟಿಗೆ ಅವನು ತಾಂಡೇಲ. ಬೋಟು ಯಾವ ದಿಕ್ಕಿಗೆ ಹೋಗಬೇಕು, ಎಲ್ಲಿ ಬಲೆ ಇಳಿಯಬೇಕು ಎಂಬುದು ಅವನ ಮಾತು. ಉಳಿದವರದು ಮೈಬಲ.

ಈ ವಿದ್ಯೆ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಅವನನ್ನು ದೋಣಿಯ ಮುಂತುದಿಯ ಅಣಿಯದಲ್ಲಿ ನಿಲ್ಲಿಸಿ ದಡದ ಕಡೆಗೆ ಮುಖ ಮಾಡಿಸುತ್ತಿದ್ದ. ದೂರದ ಒಂದು ಗುಡ್ಡೆ, ಹತ್ತಿರದ ಒಂದು ಮರ. ಅವೆರಡೂ ಒಂದರ ಮೇಲೊಂದು ಬಂದು ಕೂತರೆ ಅದೊಂದು ಗೆರೆ. ಬೇರೆ ದಿಕ್ಕಿನಲ್ಲಿ ಅಂಥದೇ ಇನ್ನೊಂದು ಗೆರೆ. "ಎರಡ್ ಗೆರಿ ಕೂಡುವಲ್ಲಿ ನೀ ಇದ್ದೆ. ಒಂದೇ ಗೆರಿ ಇದ್ರೆ ನೀ ಎಲ್ಲೂ ಇಲ್ಲ, ತಿಳ್ಕೊ" ಎನ್ನುತ್ತಿದ್ದ ಅಪ್ಪ. ಆಗ ಅದು ಆಟದ ಹಾಗಿತ್ತು.

ಆಟವಲ್ಲ ಎಂದು ತಿಳಿದದ್ದು ಸಾವಿರದ ಒಂಬೈನೂರ ತೊಂಬತ್ತೇಳರ ಮಳೆಗಾಲದ ಕೊನೆಗೆ. ಕುಷ್ಟ ಮತ್ತು ಅವನ ತಮ್ಮ ರಾಮ ಇಬ್ಬರೇ ಆಗ ಒಂದು ಹಳೆಯ ಬೋಟಿನಲ್ಲಿದ್ದರು. ಊಟದ ಹೊತ್ತಿಗೆ ತೆಂಕಿನಿಂದ ಗಾಳಿ ಎದ್ದಿತು. ನೀರು ಹೊಕ್ಕು ಎಂಜಿನ್ ನಿಂತಾಗ ರಾಮ ಅದನ್ನು ಚಾಲೂ ಮಾಡಲು ಒಳಗೆ ಇಳಿದ. ಅವನು ಮೇಲೆ ಬರುವ ಮೊದಲೇ ಬೋಟು ಮಗ್ಗುಲಾಯಿತು, ಆಮೇಲೆ ಇಲ್ಲವಾಯಿತು. ಕುಷ್ಟ ಒಂದು ಖಾಲಿ ಡೀಸೆಲ್ ಕ್ಯಾನನ್ನು ಅಪ್ಪಿಕೊಂಡು ನೀರ ಮೇಲೆ ಉಳಿದ. ಕೂಗಿದ. ಕೂಗಿ ಕೂಗಿ ಗಂಟಲು ಬಿತ್ತು.

ಗಾಳಿ ಬಂದಷ್ಟೇ ಬೇಗ ಹೋಯಿತು. ಮಳೆ ತೊಳೆದ ಆಕಾಶದಲ್ಲಿ ಕೊಡಚಾದ್ರಿಯ ತುದಿ ಎದ್ದು ಬಂತು. ಈಚೆ ಬದಿಯ ಕರಿ ಗುಡ್ಡೆಯ ತಗ್ಗಿನಲ್ಲಿ, ಬಟ್ಟಲಲ್ಲಿಟ್ಟ ಹಾಗೆ, ಸರಿಯಾಗಿ ಕೂತಿತು. ತೆಂಕಿಗೆ ತಿರುಗಿದರೆ ಕೋಡಿ ದಡದ ಜೋಡಿ ತಾಳೆ ಮರಗಳ ನಡುವೆ ಹೆಂಚಿನ ಕಾರ್ಖಾನೆಯ ಚಿಮಣಿ. ಅಳುತ್ತಿದ್ದ ಕಣ್ಣೇ ಆ ಎರಡು ಗೆರೆಗಳನ್ನು ಹಿಡಿದುಕೊಂಡಿತು. ಹಿಡಿಯಬೇಕೆಂದು ಅವನೇನೂ ಎಣಿಸಿರಲಿಲ್ಲ. ಅಪ್ಪ ಕಲಿಸಿದ ಕಣ್ಣು, ಅದಕ್ಕೆ ಬೇರೆ ಗೊತ್ತಿರಲಿಲ್ಲ.

ಬೈಂದೂರು ಕಡೆಯ ಬೋಟೊಂದು ಅವನನ್ನು ಎತ್ತಿಕೊಂಡಿತು. ಆಮೇಲೆ ಬಂದರಿನ ಹಿರಿಯರೆಲ್ಲ, ಹೆಣ ತೇಲಿಬಂದೀತೆಂದು, ದಡದುದ್ದಕ್ಕೂ ಹುಡುಕಲು ಹೋದರು. ಕಡಲು ರಾಮನನ್ನು ಕೊಡಲಿಲ್ಲ. ತಾಯಿ ಬಾಗಿ ಮೂರು ಸಂಜೆ ಮರಳಿನ ಮೇಲೆ ಕೂತವಳು, ನಾಲ್ಕನೆಯ ಸಂಜೆ ಎದ್ದು ಸೀರೆ ಕೊಡವಿ ಕುಷ್ಟನ ಕೈ ಹಿಡಿದಳು.

"ಜಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತ್ ಅಬ್ಬೆ."

"ಹಾಂಗಾರೆ ಅವ ಅಲ್ಲೇ ಮನ್ಕಳ್ಲಿ. ಆರೆ ಅವ್ನ ಮೇಲೆ ಬಲೆ ಬೀಳೂಕಾಗ ಮಗಾ. ನಿಂದೂ ಬೀಳೂಕಾಗ, ಯಾರ್ದೂ ಬೀಳೂಕಾಗ. ವರ್ಷಕ್ಕೊಂದ್ ಸಲ ಹೋಯಿ ಹಾಲ್ ಕೊಡ್. ನಾ ಇಲ್ದಿರೂ ಕೊಡ್."

ಬಾಗಿಯೂ ಕಡಲ ಮಗಳು. ಮುಳುಗಿದ ಬೋಟಿನ ಮರಕ್ಕೆ ಮೊದಲು ಚಿಪ್ಪು ಹತ್ತುತ್ತದೆ, ಚಿಪ್ಪಿಗೆ ಮರಿಮೀನು ಬರುತ್ತದೆ, ಮರಿಯ ಹಿಂದೆ ದೊಡ್ಡದು ಬರುತ್ತದೆ. ಕೆಲವೇ ವರ್ಷಗಳಲ್ಲಿ ಅದು ಮೀನಿನ ಕಲ್ಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಜಾಗ ಗೊತ್ತಾದರೆ ಜನ ಬಿಡುವುದಿಲ್ಲ. ಹಾಗಾಗಿ ಅದು ಒಬ್ಬನಲ್ಲೇ ಉಳಿಯಬೇಕು.

ಕುಷ್ಟನಲ್ಲೇ ಉಳಿಯಿತು. ಪ್ರತಿ ವರ್ಷ ನೂಲ ಹುಣ್ಣಿಮೆಯಲ್ಲಿ ಊರವರೆಲ್ಲ ಕಡಲಿಗೆ ಪೂಜೆ ಕೊಟ್ಟು ಬೋಟು ಇಳಿಸಿದ ಮೇಲೆ, ಅವನು ಒಂದು ದಿನ ದಾರಿ ಬದಲಿಸಿ ಹೋಗುತ್ತಿದ್ದ. ಎರಡು ಗೆರೆ ಕೂಡಿದಲ್ಲಿ ಎಂಜಿನ್ ನಿಲ್ಲಿಸಿ ಒಂದು ತಂಬಿಗೆ ಹಾಲು ಬಿಡುತ್ತಿದ್ದ, ಕಾಯಿ ತೇಲಿಸುತ್ತಿದ್ದ. ಬೋಟಿನಲ್ಲಿ ಬಲೆ ಎಳೆಯುವ ಕಲಾಸಿಗಳು ಅದು ಮೀನು ಸಿಗಲೆಂದು ಇವನು ಹೊತ್ತ ಹರಕೆ ಎಂದುಕೊಂಡರು. ಅವರು ವರ್ಷಕ್ಕೊಂದು ಬೋಟು ಬದಲಿಸುವ ಜನ, ಕೇಳಲಿಲ್ಲ. ಇವನು ಹೇಳಲಿಲ್ಲ.

ಎರಡು ಸಾವಿರದ ಒಂದರಲ್ಲಿ ಯಜಮಾನರು ಬೋಟಿಗೆ ಜಿಪಿಎಸ್ ತಂದರು. ಅಂಗೈಗಿಂತ ಚೂರು ದೊಡ್ಡದಾದ ಪೆಟ್ಟಿಗೆ, ಬಂದರಿನವರ ಬಾಯಲ್ಲಿ ಸೆಟ್ಟು. ಎಲ್ಲಿದ್ದೇವೆಂದು ಅಂಕಿಯಲ್ಲಿ ತೋರಿಸುತ್ತದೆ. ಗುಂಡಿ ಒತ್ತಿದರೆ ಆ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಮತ್ತೆ ಕೇಳಿದರೆ ಅಲ್ಲಿಗೇ ಕರೆದೊಯ್ಯುತ್ತದೆ. ಹಾಗೆ ಇಟ್ಟ ಜಾಗಕ್ಕೆ ಬಂದರಿನಲ್ಲಿ ಪಾಯಿಂಟು ಎಂದು ಹೆಸರಾಯಿತು. ಕುಷ್ಟ ಮೊದಲು ನಕ್ಕ. "ಗುಡ್ಡಿ ಕಾಂಬುಕೆ ಬಾರ್ದವರಿಗೆ ಇದ್" ಎಂದ. ಆದರೆ ಬೇಸಗೆಯ ಮಬ್ಬಿನಲ್ಲಿ, ಗುಡ್ಡೆಗಳೆಲ್ಲ ಅಳಿಸಿಹೋದ ದಿನ, ಅದು ಅವನನ್ನು ನೇರ ತನ್ನ ಕಲ್ಲಿನ ಮೇಲೆ ತಂದು ನಿಲ್ಲಿಸಿದಾಗ ಸುಮ್ಮನಾದ.

ಆ ವರ್ಷ ಹಾಲು ಬಿಡಲು ಹೋದಾಗ ಪೆಟ್ಟಿಗೆಯ ಹಿಂದಿನ ಗುರುತುಗಳನ್ನೆಲ್ಲ ಅಳಿಸಿ, ಅಲ್ಲಿ ನಿಂತು ಗುಂಡಿ ಒತ್ತಿದ. ಹೆಸರು ಕೊಡಲಿಲ್ಲ. ಪೆಟ್ಟಿಗೆ ತಾನಾಗಿ 'ಒಂದು' ಎಂದು ಬರೆದುಕೊಂಡಿತು. ಆಮೇಲೆ ವರ್ಷದಿಂದ ವರ್ಷಕ್ಕೆ ಅವನ ಕಡಲಷ್ಟೂ ಅದರೊಳಗೆ ಹೋಗಿ ಸೇರಿತು. ಅಪ್ಪನ ಕಲ್ಲುಗಳು, ತನ್ನವು, ಬಲೆ ಹರಿದು ಕಲಿತವು. ಗುಡ್ಡೆ ನೋಡುವುದು ನಿಧಾನವಾಗಿ ಬಿಟ್ಟುಹೋಯಿತು. ಕಣ್ಣು ದಡ ಬಿಟ್ಟು ಪರದೆಗೆ ಬಂತು.

ತಾಂಡೇಲರ ನಡುವೆ ಪಾಯಿಂಟು ಕೊಡುವ ಪದ್ಧತಿ ಇಲ್ಲ. ಹೆಣ್ಣು ಕೊಟ್ಟಾರು, ಪಾಯಿಂಟು ಕೊಡರು ಎಂದು ಬಂದರಿನ ಮಾತು. ಒಬ್ಬ ಕಲಾಸಿ ಬೀಡಿ ಹಚ್ಚುವ ನೆಪದಲ್ಲಿ ಹತ್ತಿರ ಬಂದು ಅಂಕಿಗಳನ್ನು ತೋಳಿನ ಮೇಲೆ ಗೀಚಿಕೊಂಡು ಹೋದ ಕತೆ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಕುಷ್ಟ ಯಾರಾದರೂ ಸುಳಿದರೆ ಹೆಗಲ ಬೈರಾಸನ್ನು ತೆಗೆದು ಸೆಟ್ಟಿನ ಮೇಲೆ ಹೊದಿಸಿಬಿಡುತ್ತಿದ್ದ.

"ಕುಷ್ಟಣ್ಣ ಹೆಂಡ್ತಿಗೂ ಇಷ್ಟ್ ಹೊದ್ಸುದಿಲ್ಲ ಮರಾಯ್ರೆ" ಎಂದು ಕಲಾಸಿಗಳು ನಗುತ್ತಿದ್ದರು.

"ಹೆಂಡ್ತಿನ ಯಾರ್ ಕದಿತ್ರ್? ಕದ್ರೂ ಎರಡ್ ದಿನಕ್ಕ್ ತಂದ್ ಬಿಡ್ತ್ರ್" ಎನ್ನುತ್ತಿದ್ದ ಅವನು.

ಒಮ್ಮೆ ಸೆಟ್ಟಿನ ವೈರು ಕೆಟ್ಟು ಬ್ರಹ್ಮಾವರಕ್ಕೆ ಹೋಗಬೇಕಾಯಿತು. ಅಲ್ಲಿ ಸುಜನ್ ಎಂಬವನು ಬೋಟಿನ ಸೆಟ್ಟುಗಳನ್ನು ರಿಪೇರಿ ಮಾಡುತ್ತಿದ್ದ. ಒಳ್ಳೆಯ ಮನುಷ್ಯ, ಕೆಲಸ ಮಾಡುತ್ತಾ ಮಾತನಾಡುವವನು. ವೈರು ಹಾಕಿದವನು ಸೆಟ್ಟನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡ.

"ಕುಷ್ಟಣ್ಣ, ಇದ್ರೊಳ್ಗ್ ಇಷ್ಟೆಲ್ಲ ಇತ್ತಲೆ, ಇದ್ರದ್ದ್ ಇನ್ನೊಂದ್ ಪ್ರತಿ ಎಲ್ಲಿ ಇಟ್ಟಿದ್ರಿ?"

"ಎಂತ ಪ್ರತಿ?"

"ನಾಳೆ ಇದ್ ನೀರಿಗ್ ಬಿತ್ತ್ ಅಂದೇಳಿ ಇಟ್ಕಣಿ. ಎಂತ ಮಾಡ್ತ್ರಿ? ಕಾಣಿ, ನಂಗೆ ಕಂಪ್ಯೂಟರಿಗ್ ಹಾಕಿ ಸಿಡಿ ಮಾಡಿ ಕೊಡೂಕಾತ್ತ್. ಇಲ್ದಿರೆ ಇನ್ನೊಂದ್ ಸೆಟ್ಟಿಗ್ ಹಾಕಿ ಕೊಡ್ತೆ, ಮನೇಲಿ ಇಟ್ಕಣಿ. ಎಂತದೂ ಬೇಡ್ದಿರೆ ಕಾಗ್ದದಾಗ್ ಬರ್ದಾರೂ ಇಡಿ."

ಕುಷ್ಟ ಅಂಗಡಿಯ ಮೂಲೆ ನೋಡಿದ. ಅಲ್ಲಿ ಬೇರೆ ಬೋಟಿನವರ ಸೆಟ್ಟುಗಳು ಸಾಲಾಗಿ ಕೂತಿದ್ದವು. ಕಂಪ್ಯೂಟರಿಗೆ ಹೋದದ್ದು ಅಲ್ಲೇ ಉಳಿಯದೆ ಇದ್ದೀತೇ? ಕಾಗದ ಎಂದ ಮೇಲೆ ಓದುವವನೊಬ್ಬ ಇದ್ದೇ ಇರುತ್ತಾನೆ.

"ಒಂದ್ ಬಿಟ್ಟ್ ಉಳ್ದದ್ದ್ ತೆಗೂಕಾತ್ತಾ?"

"ನನ್ನ ಈ ಮಿಷನಂಗೆ ಬಂದ್ರೆ ಎಲ್ಲ ಒಟ್ಟಿಗೇ ಬತ್ತ್. ಬೇಡದ್ದನ್ನ ನೀವೇ ಅಳ್ಸಿ ಕೊಡಿ, ಉಳ್ದದ್ದ್ ತೆಗಿತೆ."

ಅಳಿಸುವುದು. ಸೆಟ್ಟು ತೆಗೆದುಕೊಂಡ ಕುಷ್ಟನ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ವಾಪಸು ಬಂತು.

"ಬೇಡ ಸುಜನಣ್ಣ. ನಂಗೆ ಗುಡ್ಡಿ ಇತ್ತ್. ಗುಡ್ಡಿ ಎಲ್ಲಿಗ್ ಹೋತ್ತ್?"

ಸುಜನ್ ಒತ್ತಾಯ ಮಾಡಲಿಲ್ಲ. ಸೆಟ್ಟಿನ ಬೆನ್ನು ತಟ್ಟಿ ಒಂದು ಮಾತು ಹೇಳಿದ. "ಇದ್ರೊಳ್ಗೆ ಅಂಗಿ ಗುಂಡಿಯಷ್ಟ್ ಸಣ್ಣ ಸೆಲ್ ಇತ್ತ್. ನೆನಪ್ ಹಿಡ್ಕಂಡದ್ದ್ ಅದ್. ಮಳ್ಗಾಲದಾಗ್ ಬೋಟ್ ಮೇಲ್ ಹಾಕ್ದಾಗ ಹಾಂಗೇ ಕಟ್ಟಿ ಇಡ್ಬೇಡಿ. ಆಗೀಗ ಬ್ಯಾಟ್ರಿಗ್ ಸಿಕ್ಸಿ, ಅದ್ಕೂ ಒಂಚೂರ್ ಉಂಬುಕ್ ಕೊಡಿ."

ಮನೆಯಲ್ಲಿ ಹೆಂಡತಿ ಸುಂದರಿಗೆ ಇದನ್ನು ಹೇಳಿದಾಗ ಅವಳು ಬುಟ್ಟಿಯ ಮೀನಿಗೆ ಮಂಜುಗಡ್ಡೆ ಹರಡುತ್ತಿದ್ದಳು. ರಾಮನ ಜಾಗ ಆ ಸೆಟ್ಟಿನೊಳಗಿದೆ ಎಂದು ಅವಳಿಗೆ ಗೊತ್ತಿತ್ತು, ಅಂಕಿ ಗೊತ್ತಿರಲಿಲ್ಲ.

"ಹ್ವಾಯ್, ನಂಗಾರೂ ಹೇಳಿ. ನಾ ಬಾಯ್ಪಾಠ ಮಾಡ್ತೆ."

"ನೀ ಮೀನ್ ಮಾರುವಾಗ ಒಂದ್ ಬಂಗ್ಡಿ ಒಟ್ಟಿಗೆ ಊರ್ ಸುದ್ದಿ ಎಲ್ಲ ಕೊಡ್ತೆ. ಇದನ್ನೂ ಕೊಡ್ತೆ."

ಅವಳು ಮುಖ ತಿರುಗಿಸಿದಳು. ಅವನಿಗೆ ತಮಾಷೆ ಹೆಚ್ಚಾಯಿತೆನಿಸಿತು. ಆದರೂ ಹೇಳಲಿಲ್ಲ.

ಬಾಗಿ ತೀರಿಕೊಂಡಳು. ಕೊನೆಗಾಲದಲ್ಲಿ ಅವಳಿಗೆ ಎಲ್ಲ ಮರೆತಿತ್ತು, ರಾಮ ಸತ್ತದ್ದೂ. ಆದರೆ ಮಳೆ ಹಿಡಿದಾಗ ಚಾಪೆಯಲ್ಲೇ ತಲೆಯೆತ್ತಿ, "ಹಾಲ್ ಕೊಟ್ಯಾ?" ಎಂದು ಕೇಳುತ್ತಿದ್ದಳು. ಯಾರಿಗೆ ಎಂದು ಹೇಳುತ್ತಿರಲಿಲ್ಲ. ಅವಳು ಹೋದ ಮೇಲೆ ಆ ಜಾಗ ಇಬ್ಬರಲ್ಲಿ ಉಳಿಯಿತು: ಕುಷ್ಟ, ಮತ್ತು ಬೈರಾಸು ಹೊದ್ದ ಆ ಪೆಟ್ಟಿಗೆ.

ಎರಡು ಸಾವಿರದ ಹದಿಮೂರರ ಮಳೆಗಾಲ ಜೋರಾಗಿತ್ತು. ಬೋಟು ದಡದ ಮೇಲೆ ಹಾಕಿದ ದಿನ ಕುಷ್ಟ ಎಂದಿನಂತೆ ಸೆಟ್ಟನ್ನು ಮನೆಗೆ ತಂದ. ಗೋಡೆಯೆಲ್ಲ ಬೆವರುವ ಕಾಲ. ಸೆಟ್ಟಿಗೆ ತೇವ ತಾಗಬಾರದೆಂದು ಬೈರಾಸಿನಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟ. ಹಪ್ಪಳ, ಒಣಮೀನು, ರೇಷನ್ ಕಾರ್ಡು, ಎಲ್ಲವನ್ನೂ ಮಳೆಯಿಂದ ಕಾಯುವ ಡಬ್ಬಿ ಅದು. ತಿಂಗಳಿಗೊಮ್ಮೆ ಹೊರಗೆ ತೆಗೆದು ಬ್ಯಾಟರಿಗೆ ಸಿಕ್ಕಿಸುವುದು ರೂಢಿ. ಆ ಸಲ ಜ್ವರ ಬಂತು. ಗಂಟುಗಂಟು ಹಿಡಿದು ಎದ್ದು ಕೂರಲಾಗದ ಜ್ವರ. ಅವನು ಚಾಪೆಯ ಮೇಲೆ, ಸೆಟ್ಟು ಅಕ್ಕಿಯೊಳಗೆ. ಇಬ್ಬರೂ ಮಳೆ ಮುಗಿಯುವವರೆಗೆ ಮಲಗಿದರು.

ಹುಣ್ಣಿಮೆ ಹತ್ತಿರ ಬಂದಾಗ ಅವನು ಸೆಟ್ಟು ತೆಗೆದ. ಒಂದು ಕಲೆಯೂ ಇರಲಿಲ್ಲ. ಬ್ಯಾಟರಿಗೆ ಸಿಕ್ಕಿಸಿದೊಡನೆ ಬೆಳಕು ಬಂತು, ಆಕಾಶದಲ್ಲಿ ಹುಡುಕಿತು, ಅವನು ನಿಂತ ಅಂಗಳದ ಅಂಕಿಯನ್ನು ಸರಿಯಾಗಿ ತೋರಿಸಿತು. ಅವನು ಪಾಯಿಂಟಿನ ಪಟ್ಟಿ ತೆರೆದ.

ಖಾಲಿ.

ಮುಚ್ಚಿ ಮತ್ತೆ ತೆರೆದ. ಆರಿಸಿ ಮತ್ತೆ ಹಚ್ಚಿದ. ಸೆಟ್ಟು ತಾನಿರುವ ಜಾಗವನ್ನಷ್ಟೇ ಹೇಳುತ್ತಿತ್ತು, ಈಗ ತಾನೇ ಹುಟ್ಟಿದ ಮಗುವಿನ ಹಾಗೆ.

ಬ್ರಹ್ಮಾವರದ ಬಸ್ಸಿನಲ್ಲಿ ಅವನು ಸೆಟ್ಟನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಕಂಡವರು ಒಳಗೆ ಏನೋ ಚೆಲ್ಲುವಂಥದಿದೆ ಎಂದುಕೊಳ್ಳಬೇಕು.

ಸುಜನ್ ಬಿಚ್ಚಿದ. ಸಣ್ಣ ಸೆಲ್ಲನ್ನು ಚಿಮಟದಿಂದ ಎತ್ತಿ, ಅಳತೆಯ ಮುಳ್ಳು ತಾಗಿಸಿ, ಮೇಜಿನ ಮೇಲಿಟ್ಟ. ಹೊಸದನ್ನು ಹಾಕಿದ. ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ. ಆಮೇಲೆ ಕುರ್ಚಿ ಎಳೆದು ಕುಷ್ಟನ ಎದುರು ಕೂತ.

"ತೆಗೂಕಾತಿಲ್ಯಾ?"

"ಇಲ್ಲ ಕುಷ್ಟಣ್ಣ."

"ಮಣಿಪಾಲಕ್ಕ್ ಕೊಂಡ್ಹೋದ್ರೆ? ಬೆಂಗ್ಳೂರಿಗ್ ಕಳ್ಸಿರೆ? ಮೊಬೈಲಿಂದೆಲ್ಲ ತೆಗಿತ್ರಂಬ್ರಲೆ."

"ಅದ್ ಬರ್ದಿಟ್ಟದ್ದ್. ಬರ್ದದ್ದನ್ನ ಅಳ್ಸಿರೂ ಗುರ್ತ್ ಉಳಿತ್ತ್. ಇದ್ ಬರ್ದದ್ದಲ್ಲ, ಮುಷ್ಟಿಯಂಗೆ ಹಿಡ್ಕಂಡದ್ದ್. ಸೆಲ್ ಸತ್ತ್ ಮುಷ್ಟಿ ಬಿಚ್ಚಿತ್ತ್. ಬಿಚ್ಚಿದ್ ಕೈಯಂಗೆ ಎಂತ ಹುಡ್ಕೂದ್?" ಸುಜನ್ ಧ್ವನಿ ಇಳಿಸಿದ. "ಮೀನಿನ್ ಪಾಯಿಂಟ್ ಅಲ್ದಾ? ಬೇರೆ ಬೋಟಿನವ್ರ್ ಹತ್ರ ಕೇಣಿ. ಮೆಲ್ಲ ಮೆಲ್ಲ ಎಲ್ಲ ಮತ್ ಆತ್ತ್."

ಕುಷ್ಟ ತಲೆಯಾಡಿಸಿದ. ಮೀನಿನ ಪಾಯಿಂಟು ಆಗುತ್ತದೆ. ಅದು ಅವನಿಗೂ ಗೊತ್ತು. ಬಲೆ ಹರಿದರೆ ಕಲ್ಲು ತಾನೇ ಹೇಳುತ್ತದೆ. ಹೊರಗೆ ಬಂದು ಬಸ್ಸು ನಿಲ್ದಾಣದಲ್ಲಿ ನಿಂತಾಗ ಅವನಿಗೆ ಅಂಕಿಯ ಮೊದಲ ಭಾಗ ನೆನಪಿತ್ತು, ಹದಿಮೂರು ಎಂದು. ಅದು ಇಡೀ ಕುಂದಾಪುರದ ಕಡಲಿಗೆ ಇರುವ ಅಂಕಿ.

ಗುಡ್ಡೆ ಇದೆಯಲ್ಲ ಎಂದು ಮನಸ್ಸಿಗೆ ಹೇಳಿಕೊಂಡ. ಹುಣ್ಣಿಮೆ ಕಳೆದು ಬೋಟು ಇಳಿಯಿತು. ಹಿಂದಿನ ದಿನ ಮಳೆ ಬಂದು ತೊಳೆದ ಒಂದು ಬೆಳಿಗ್ಗೆ ತಂಬಿಗೆಯಲ್ಲಿ ಹಾಲು ತೆಗೆದುಕೊಂಡು ಹೊರಟ. ಕೊಡಚಾದ್ರಿ ಮೋಸ ಮಾಡಲಿಲ್ಲ. ಬೋಟು ನಡೆದಂತೆ ತುದಿ ಮೆಲ್ಲನೆ ಸರಿದು ಬಂದು ಕರಿ ಗುಡ್ಡೆಯ ತಗ್ಗಿನಲ್ಲಿ, ಬಟ್ಟಲಲ್ಲಿಟ್ಟ ಹಾಗೆ, ಕೂತಿತು. ಒಂದು ಗೆರೆ ಸಿಕ್ಕಿತು. ಅವನ ಎದೆ ಹಗುರಾಯಿತು. ತೆಂಕಿಗೆ ತಿರುಗಿದ.

ಅಲ್ಲಿ ತಾಳೆ ಮರಗಳಿರಲಿಲ್ಲ. ಕೋಡಿಯ ದಡವನ್ನು ಕಡಲು ತಿಂದ ವರ್ಷ ಅವು ಒಂದರ ಹಿಂದೊಂದು ಬಿದ್ದಿದ್ದವು. ಆ ದಿನ ಕುಷ್ಟ ಅಲ್ಲೇ ನೆಂಟರ ಮನೆಯಲ್ಲಿದ್ದ. ಬೊಡ್ಡೆ ಎಳೆಯಲು ಹಗ್ಗಕ್ಕೆ ಕೈಯನ್ನೂ ಹಾಕಿದ್ದ. ಮರ ಬಿತ್ತೆಂದು ಎಲ್ಲರಂತೆ ಅಯ್ಯೋ ಎಂದಿದ್ದ. ಆ ಮರಗಳು ತನಗೆ ಏನೆಂದು ಆಗ ನೆನಪೇ ಆಗಿರಲಿಲ್ಲ; ನೆನಪಿನ ಕೆಲಸವನ್ನು ಪೆಟ್ಟಿಗೆಗೆ ಒಪ್ಪಿಸಿ ಅಷ್ಟು ವರ್ಷವಾಗಿತ್ತು. ಚಿಮಣಿ ಯಾವಾಗ ಹೋಯಿತೋ ಅದೂ ತಿಳಿಯದು. ಅಲ್ಲೀಗ ನೀರಿನ ಟ್ಯಾಂಕಿ, ಮೊಬೈಲ್ ಟವರು, ಒತ್ತಾಗಿ ಬೆಳೆದ ಗಾಳಿಮರ.

ಒಂದೇ ಗೆರೆ. ಅದರ ಮೇಲೆ ಅವನು ಮೂಡಿನಿಂದ ಪಡುವಿಗೆ, ಪಡುವಿನಿಂದ ಮೂಡಿಗೆ ಬೋಟು ನಡೆಸಿದ. ಇಲ್ಲಿ ಇದ್ದೀತು ಎನಿಸುತ್ತಿತ್ತು. ಮುಂದೆ ಹೋದರೆ ಅಲ್ಲೂ ಹಾಗೇ ಎನಿಸುತ್ತಿತ್ತು. ನೀರಿನ ಮುಖದಲ್ಲಿ ಏನೂ ಬರೆದಿರಲಿಲ್ಲ. ಅಪ್ಪನ ಮಾತು ಎಂಜಿನ್ನಿನ ಸದ್ದಿನಲ್ಲಿ ಸುತ್ತುತ್ತಿತ್ತು: ಒಂದೇ ಗೆರಿ ಇದ್ರೆ ನೀ ಎಲ್ಲೂ ಇಲ್ಲ.

"ಕುಷ್ಟಣ್ಣ, ಎಂತ ಉಳೂದಾ? ಬಿತ್ತುದ್ ಯಾವಾಗ?" ಎಂದು ಕಲಾಸಿಯೊಬ್ಬ ಕೇಳಿದ. ಉಳಿದವರು ನಕ್ಕರು. ಹಿಂತಿರುಗುವಾಗ ತಂಬಿಗೆಯ ಹಾಲು ಬಿಸಿಲಿಗೆ ಒಡೆದಿತ್ತು. ಸುಂದರಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ತೆಂಗಿನ ಬುಡಕ್ಕೆ ಹೊಯ್ದಳು.

ಆಮೇಲೆ ಉಳಿದದ್ದು ಒಂದೇ ದಾರಿ. ಬಂದರಿನಲ್ಲಿ ರತೀಶ್ ಬಲೆ ಸರಿಮಾಡುತ್ತಾ ಕೂತಿದ್ದ. ಮೂವತ್ತು ದಾಟಿದ ತಾಂಡೇಲ. ಒಂದು ಕಾಲದಲ್ಲಿ ಕುಷ್ಟನ ಬೋಟಿನಲ್ಲೇ ಕಲಾಸಿಯಾಗಿದ್ದವ. ಕುಷ್ಟ ಪಕ್ಕದಲ್ಲಿ ಕೂತು ಬಲೆಯ ತುದಿ ಹಿಡಿದ. ಮಳೆಯ ಮಾತಾಯಿತು, ಡೀಸೆಲ್ಲಿನ ಮಾತಾಯಿತು.

"ನನ್ನ ಸೆಟ್ ಸತ್ತೋಯ್ತ್ ಮಾರಾಯ. ಪಾಯಿಂಟ್ ಎಲ್ಲ ಹೋಯ್ತ್."

"ಅಯ್ಯಯ್ಯೋ! ಎಲ್ಲವಾ?"

"ಎಲ್ಲ." ಕುಷ್ಟ ಗಂಟಿನ ಮೇಲೆ ಕಣ್ಣಿಟ್ಟ. "ಕೊಡಚಾದ್ರಿ ಗೆರಿ ಮೇಲೆ, ಒಂಚೂರ್ ಪಡುಬದಿಗೆ, ಅಲ್ಲೆಲ್ಲಾರೂ ಬಲೆ ಹರಿವ ಜಾಗ ಇತ್ತಾ? ನೀ ಕಂಡಿದ್ಯಾ?"

ರತೀಶ್ ಕೈ ನಿಲ್ಲಿಸಿ ನಕ್ಕ. ಕೆಟ್ಟ ನಗು ಅಲ್ಲ. ಸಿಕ್ಕಿಬಿದ್ದ ಹಿರಿಯನನ್ನು ಕಂಡು ನಗುವ ನಗು. "ಕುಷ್ಟಣ್ಣನ್ ಕಲ್ಲಾ?"

"ಎಂತ?"

"ನಾವ್ ಅದ್ಕೆ ಹಾಂಗೇ ಹೇಳುದ್, ಕುಷ್ಟಣ್ಣನ್ ಕಲ್ಲ್ ಅಂದೇಳಿ. ನೀವ್ ವರ್ಷ ವರ್ಷ ಹುಣ್ಮಿ ಕಳ್ದ್ ಅಲ್ಲ್ ನಿಂತ್ಕಂಡ್ ಹಾಲ್ ಬಿಡುದ್ ಯಾರಿಗ್ ಗೊತ್ತಿಲ್ಲ? ಬೈರಾಸಂಗೆ ಸೆಟ್ ಮುಚ್ಚೂಕಾತ್ತ್, ಬೋಟ್ ಮುಚ್ಚೂಕಾತ್ತಾ ಕುಷ್ಟಣ್ಣ? ನೀವ್ ಅತ್ಲಾಗ್ ಹೋದದ್ದೇ ನಾವ್ ಇತ್ಲಾಗಿಂದ ಹೋಯಿ ಗುಂಡಿ ಒತ್ತಿದ್. ಈಗ ಗಂಗೊಳ್ಳಿ ಸೆಟ್ಟಂಗೆಲ್ಲ ಅದ್ ಇತ್ತ್."

ಬಲೆಯ ದಾರ ಕುಷ್ಟನ ಬೆರಳಿಗೆ ಸುತ್ತಿಕೊಂಡಿತ್ತು.

"ಅಲ್ಲಿ ಬಲೆ ಹಾಕೂಕಾತಿಲ್ಲ, ಹರಿತ್ತ್. ಗಾಳ ಹಾಕ್ತೊ. ಎಂತ ಮುರು ಮೀನ್ ಅಂತ್ರಿ! ಹೋದ್ ವರ್ಷ ಸುಂದರಕ್ಕ ಕೊಂಡ್ಹೋದ್ ಆ ದೊಡ್ಡದ್ ಇತ್ತಲೆ, ಅದ್ ಅಲ್ಲಿದೇ."

ಆ ಮೀನು ಕುಷ್ಟನಿಗೆ ನೆನಪಿತ್ತು. ಅದರ ಮೈಭಾಗ ಮಾರಿ, ತಲೆಯನ್ನು ಮನೆಗೆ ತಂದು ಸುಂದರಿ ಸಾರು ಮಾಡಿದ್ದಳು. ಇನ್ನೊಂದು ಸೌಟು ಹಾಕು ಎಂದು ಅವನೇ ಬಟ್ಟಲು ಮುಂದೆ ಮಾಡಿದ್ದ.

"ಬೇಜಾರ್ ಮಾಡ್ಕಣ್ಬೇಡಿ" ಎಂದ ರತೀಶ್, ಅವನ ಮುಖ ನೋಡಿ. "ನಿಮ್ಮ ಹರಕಿ ನಾವ್ ತಪ್ಸಲಿಲ್ಲ. ನಿಮ್ಮನ್ ಕಂಡೇ ಕಲ್ತದ್ದ್. ನಾವೂ ಅಲ್ಲ್ ಹಾಲ್ ಬಿಟ್ಟೇ ಗಾಳ ಹಾಕೂದ್. ಕೊಡಿ ಸೆಟ್, ಹಾಕಿ ಕೊಡ್ತೆ."

ಕುಷ್ಟ ಬೋಟಿನಿಂದ ಸೆಟ್ಟು ತಂದುಕೊಟ್ಟ; ರತೀಶನೇ ಅಂಕಿ ಒತ್ತಿದ. ಖಾಲಿ ಪಟ್ಟಿಯಲ್ಲಿ ಅದು ತಾನಾಗಿಯೇ 'ಒಂದು' ಆಯಿತು. ಹಿಂದೆ ಎಲ್ಲಿತ್ತೋ ಅಲ್ಲೇ ಬಂದು ಕೂತಿತು, ಏನೂ ಆಗಿಲ್ಲವೆಂಬಂತೆ.

ಮನೆಗೆ ಬಂದು ಸುಂದರಿಗೆ ಹೇಳಿದ. "ಅವ್ರಿಗ್ ಹೇಳಿ. ಹೇಳ್ರೆ ಬಿಟ್ಟಾರ್" ಎಂದಳು. ಆಮೇಲೆ ತಾನೇ, "ಹೇಳ್ರೆ ಇಷ್ಟ್ ವರ್ಷ ತಿಂದವ್ರೆಲ್ಲ ಎಂತ ಮಾಡೂದ್?" ಎಂದಳು. ತಿಂದವರಲ್ಲಿ ಅವರಿಬ್ಬರೂ ಇದ್ದರು.

ಮರುದಿನ ಅವನು ಹೋದ. ಸೆಟ್ಟಿನ ಬಾಣ ತೋರಿದ ಕಡೆಗೆ ಬೋಟು ನಡೆಯಿತು. ಕೊಡಚಾದ್ರಿ ಬಟ್ಟಲಲ್ಲಿ ಕೂತಿತು. ದೂರದಿಂದಲೇ ಎರಡು ಬೋಟುಗಳು ಕಂಡವು, ಒಂದು ರತೀಶನದು. ಜನ ಅಂಚಿಗೆ ಕೂತು ನೀರಿಗೆ ದಾರ ಬಿಟ್ಟಿದ್ದರು.

"ಹ್ವಾಯ್ ಕುಷ್ಟಣ್ಣ! ಬನ್ನಿ ಬನ್ನಿ, ಜಾಗ ಇತ್ತ್!" ರತೀಶ್ ಕೈ ಬೀಸಿದ. ತನ್ನ ಬೋಟನ್ನು ಸ್ವಲ್ಪ ಸರಿಸಲು ಹೇಳಿದ. ಅದು ಅವನು ತೋರಿದ ಮರ್ಯಾದೆ.

ಕುಷ್ಟ ಎಂಜಿನ್ ನಿಲ್ಲಿಸಿದ. ಬಾಯಿ ತೆರೆದ. ಹೇಳಬೇಕಾದ ಮಾತು ಸಣ್ಣದು: ಅಲ್ಲಿ ನನ್ನ ತಮ್ಮ ಇದ್ದಾನೆ. ಹದಿನಾರು ವರ್ಷ ಯಾರಿಗೂ ಹೇಳಬಾರದೆಂದು ಕಾದ ಮಾತು, ಹೇಳಬೇಕಾದ ಹೊತ್ತಿನಲ್ಲಿ ಗಂಟಲಿಗೆ ದಾರಿ ಮರೆತು ನಿಂತಿತು. ಅಂದು ಕೂಗಿ ಕೂಗಿ ಬಿದ್ದ ಗಂಟಲು ಅದು. ಅವನು ಬಗ್ಗಿ ಹಾಲು ಬಿಟ್ಟ, ಕಾಯಿ ತೇಲಿಸಿದ. ಆಚೆ ಬೋಟಿನವರು ದಾರ ಹಿಡಿದ ಕೈಯನ್ನೇ ಎದೆಗೆ ತಂದು ನಮಸ್ಕರಿಸಿದರು. ಒಬ್ಬ ತಲೆಯ ಟೊಪ್ಪಿ ತೆಗೆದ. ಬಿಳಿ ಹರಡುತ್ತಾ ಎರಡು ಬೋಟುಗಳ ನಡುವೆ ಹೋಯಿತು.

ಅದು ಕರಗುವ ಮೊದಲೇ ಯಾರದೋ ದಾರ ಬಿಗಿಯಿತು. ಎಲ್ಲರೂ ಅತ್ತ ಬಗ್ಗಿದರು, ಕೂಗಾಡಿದರು. ಕುಷ್ಟನ ಕೈ ತನ್ನಷ್ಟಕ್ಕೆ ಹೆಗಲ ಬೈರಾಸನ್ನು ಎಳೆದು ಸೆಟ್ಟಿನ ಮೇಲೆ ಹೊದಿಸಿತು, ಅಂಚುಗಳನ್ನು ಸುತ್ತಲೂ ಸರಿಯಾಗಿ ಸಿಕ್ಕಿಸಿತು.